ಶಿವಮ್ಮ ಬರೋದು ಬಿಟ್ಟಿದ್ದು ಯಾಕೆ

ನಮ್ಮ ಮನೆಯವಳಾದ ಗೌರಿಗೆ,

ಕೊನೇ ಸಲ ಆಸ್ಪತ್ರೆಗೆ ಹೊರಟ ದಿನ ಎರಡೂ ಅಂಗೈ ಚಾಚಿ, "ಏನಾಗೈತೆ ನೋಡಿ ಈ ಕೈಗೆ? ಯಾಕೆ ಯಾರೂ ಬತ್ತಾ ಇಲ್ಲ?" ಅಂದೆಯಲ್ಲ. ನಾನು, "ವಯಸ್ಸಾಯ್ತು ಬುಡು, ನ್ಯಾಚುರಲ್" ಅಂದುಬಿಟ್ಟೆ. ಆ ಮಾತನ್ನೇ ನಂಬಿಕೊಂಡು ಹೋಗಿಬಿಟ್ಟೆ ನೀನು... ಇರಲಿ.

ನೀನು ಕೇರಳಕ್ಕೆ ಹೋಗಿ ಮಸಾಜ್ ಕಲಿತು ಬಂದು, ಗುಂಡ್ಲುಪೇಟೆ ಮನೆಯ ಹಿಂದಿನ ಕೋಣೆಗೆ ಮರದ ಮಂಚ ಹಾಕಿಸಿದ್ದು ನೆನಪಿದೆಯಾ? ಬೋರ್ಡು ಬರೆದವನು ನಾನೇ. ಬಿಎ ಎರಡನೇ ವರ್ಷಕ್ಕೆ ನಿಂತುಹೋದ ಇಂಗ್ಲಿಷಿನಲ್ಲಿ, 'ಮಸಾಜ್ ಥೆರಪಿಸ್ಟ್, ಓನ್ಲಿ ಫಾರ್ ಲೇಡೀಸ್'. ಜಗುಲಿ ಮೇಲೆ ಕುರ್ಚಿ ಹಾಕಿಕೊಂಡು ಬಂದವರನ್ನ ಮಾತಾಡಿಸೋದು ನನ್ನ ಡಿಪಾರ್ಟ್‌ಮೆಂಟು. "ಸೊಂಟವೋ, ಮಂಡಿಯೋ?" ಹಾಗೆ ವಿಚಾರಿಸೋದೇ ಮರ್ಯಾದೆ ಅಂದುಕೊಂಡಿದ್ದೆ ಕಣೆ.

ಮೊನ್ನೆ ಚಾಮರಾಜನಗರದ ಬಸ್ಸಿನಲ್ಲಿ ಹರವೆ ಊರಿನ ಶಿವಮ್ಮ ಸಿಕ್ಕಿದರು. ಬಲಗೈ ಎತ್ತಿ ತಲೆ ಬಾಚಿಕೊಳ್ಳಕ್ಕಾಗದೆ ಅಳುತ್ತಿದ್ದರಲ್ಲ, ಅವರೇ. ತುರುಬು ಕಟ್ಟಿಕೊಳ್ಳೋ ಹಾಗೆ ಮಾಡಿದೆ ನೀನು. ಇನ್ನೂ ನಾಲ್ಕು ಸಲ ಬರಬೇಕಿತ್ತು, ಬರಲೇ ಇಲ್ಲ. ಕೇಳಿಯೇ ಬಿಟ್ಟೆ: "ನಮ್ಮೋಳ ಕೈ ನಿಮಗೆ ಹಿಡಿಸ್ಲಿಲ್ವಾ ಅಕ್ಕ?"

"ಅಯ್ಯೋ ಶಿವನೇ! ಹೆತ್ತವ್ವನ ಕೈ ಕಣಣ್ಣ ಅದು." ಆಮೇಲೆ ದನಿ ಇಳಿಸಿದರು. "ಉಡಿಗಾಲದ ಮದ್ವೇಲಿ ನೀವು ಊಟಕ್ಕೆ ಕೂತ್ಕಂಡು ನಮ್ಮ ಮೈದುನನ್ನ, 'ನಿಮ್ಮತ್ಗೆ ಭುಜ ಎಂಗೈತ್ಲಾ?' ಅಂತ ಪಂಕ್ತಿಗೆಲ್ಲ ಕೇಳಂಗೆ ಕೂಗುದ್ರಲ್ಲ. ನಾನು ಮನೇಲಿ ಸಂತೆಗೆ ಓಯ್ತೀನಿ ಅಂದು ನಿಮ್ಮನೆಗೆ ಬತ್ತಿದ್ದೋಳು."

"ಅವಳಿಗಾದ್ರೂ ಒಂದು ಮಾತು ಹೇಳ್ಬೋದಿತ್ತು."

"ಎಂಡ್ತಿ ಮುಂದೆ ಗಂಡನ್ನ ದೂರೋದಾ? ನಾನೊಬ್ಳೇ ಅಲ್ಲ ಬುಡಣ್ಣ, ನಿಮ್ಮ ಜಗ್ಲಿ ದಾಟಾಕೇ ಎದುರ್ಕೊಳ್ಳೋರು ಎಲ್ರೂ." ನಗುತ್ತಲೇ ಅಂದರು. ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದನಂತೆ, ನನಗೆ ಕೇಳಿಸಲಿಲ್ಲ.

ಆ ಮದುವೆಯಲ್ಲಿ ನೀನು ಹೆಂಗಸರ ಪಂಕ್ತಿಯಲ್ಲಿದ್ದೆ. ಪಕ್ಕದಲ್ಲಿದ್ದಿದ್ದರೆ ನನ್ನ ತೊಡೆ ಚಿವುಟುತ್ತಿದ್ದೆ, ಅಲ್ಲವಾ? ಕಾನ್ಫಿಡೆನ್ಷಿಯಲ್ ಅಂತ ಒಂದು ಪದ ಕಾಲೇಜಲ್ಲಿ ಓದಿದ್ದೆ. ಅರ್ಥ ಈಗ ಗೊತ್ತಾಯಿತು. ಹೀಗೆ ಇನ್ನೆಷ್ಟು ಜನರ ನೋವನ್ನ ಎಲ್ಲೆಲ್ಲಿ ಕೂಗಿದೆನೋ... ನೀನು ಮಾತ್ರ ನಿನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದೆ.

ನಿಂಗೆ ಹೇಳಬೇಕಾದ್ದು ಇನ್ನೊಂದಿದೆ. ಇಳಿಯೋವಾಗ ಶಿವಮ್ಮ ಮೇಲೆ ಇಟ್ಟಿದ್ದ ತರಕಾರಿ ಚೀಲಕ್ಕೆ ಕೈ ಎತ್ತಿದರು. ಅದೇ ಬಲಗೈ. ನಾನು ಏಳೋ ಹೊತ್ತಿಗೆ ಚೀಲ ಇಳಿಸಿಕೊಂಡು ಬಾಗಿಲ ಹತ್ತಿರ ಹೋಗಿಯೇ ಬಿಟ್ಟರು. ನಿನ್ನ ಕೈಗೆ ಏನೂ ಆಗಿರಲಿಲ್ಲ ಗೌರೀ.

ಭುಜ ಈಗ ಹೆಂಗಿದೆ ಅಂತ ಬಾಯಿ ತುದಿಗೆ ಬಂದಿತ್ತು. ಬಸ್ಸು ತುಂಬಾ ಜನ. ಕೇಳಲಿಲ್ಲ ಕಣಮ್ಮಿ.