ಸೊಪ್ಪಿಲ್ಲದೆ ಸೊಪ್ಪು ಕಟ್ಟಿದವರಿಗೆ ಒಂದು ಸಹಿ ಬೇಕು

ಕಲಾತಂಡಗಳಿಗೆ ದೃಢೀಕರಣ ಪತ್ರ ಕೊಡುವ, ಸದ್ಯಕ್ಕೆ ಕೊಡದಿರುವ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಮಗಳು ಭಾವನಾ ನೃತ್ಯಗಾರ್ತಿ. ಅಲ್ಲವೆಂದು ನೀವು ಬರೆದುಕೊಟ್ಟಿದ್ದೀರಿ, ಮೊಹರು ಒತ್ತಿ, ದಿನಾಂಕ ಹಾಕಿ. ಕಳೆದ ವಾರ ನಿಮ್ಮ ಕಚೇರಿಯಿಂದ ಬಂದ ಹಿಂಬರಹದ ಸಾಲನ್ನು ಹಾಗೆಯೇ ಇಳಿಸುತ್ತೇನೆ: 'ಸ್ಥಳ ಪರಿಶೀಲನೆಯ ವೇಳೆ ಯಾವುದೇ ನೃತ್ಯ ಕಂಡುಬಂದಿರುವುದಿಲ್ಲ. ಐವರು ಹೊಗೆಸೊಪ್ಪು ಕಟ್ಟುತ್ತಿದ್ದರು. ನೃತ್ಯ ಆರಂಭವಾಗುವವರೆಗೆ ಕಾದು ಹಿಂತಿರುಗಲಾಯಿತು.' ಕೇರಳದ ಒಂದು ಆಧುನಿಕ ನೃತ್ಯೋತ್ಸವಕ್ಕೆ ಅವಳ ತಂಡ ಆಯ್ಕೆಯಾಗಿದೆ. ಇದು ನೃತ್ಯ ತಂಡವೇ ಹೌದು ಎಂದು ಸ್ವಂತ ಜಿಲ್ಲೆಯ ಒಬ್ಬ ಅಧಿಕಾರಿ ಬರೆದುಕೊಟ್ಟ ಕಾಗದ ಈ ತಿಂಗಳ ಇಪ್ಪತ್ತರೊಳಗೆ ಅವರಿಗೆ ಮುಟ್ಟಬೇಕು. ಮುಟ್ಟದಿದ್ದರೆ ಆ ಜಾಗ ಇನ್ನೊಂದು ತಂಡಕ್ಕೆ. ಇಂದು ಹನ್ನೊಂದನೇ ತಾರೀಖು. ನಿಮ್ಮ ಹಿಂಬರಹ ನನ್ನ ಎದುರಿಗಿದೆ. ನಿಮ್ಮ ಮುಂದಾಲೋಚನೆ ಎಲ್ಲಿದೆಯೋ ಗೊತ್ತಿಲ್ಲ.

ಸ್ವಲ್ಪ ಹಿನ್ನೆಲೆ ಹೇಳಬೇಕು. ನಾನು ಹುಣಸೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವನು, ಆದ್ದರಿಂದ ಹಿನ್ನೆಲೆಯಿಲ್ಲದೆ ನನಗೆ ಮಾತು ಹೊರಡುವುದಿಲ್ಲ. ಎಲ್ಲ ತಂದೆಯರೂ ಮಕ್ಕಳು ತಮ್ಮ ಕಾಲ ಮೇಲೆ ತಾವು ನಿಂತರೆ ಸಾಕು ಎಂದು ಬಯಸುತ್ತಾರೆ. ನನ್ನ ಮಗಳು ಇನ್ನೂ ಮುಂದೆ ಹೋಗಿ ಕಾಲ್ಬೆರಳ ಮೇಲೆ ನಿಂತಳು. ಬೆಂಗಳೂರಿನಲ್ಲಿ ಬ್ಯಾಲೆ ಕಲಿತು, ಆರು ವರ್ಷ ಒಂದು ಆಧುನಿಕ ನೃತ್ಯ ಕಂಪನಿಯಲ್ಲಿ ದುಡಿದಳು. ಮೊದಲ ಸಲ ಊರಿಗೆ ಬಂದು, ತುದಿ ಗಟ್ಟಿಯಿರುವ ಷೂ ಹಾಕಿಕೊಂಡು, ನಡುಮನೆಯಲ್ಲಿ ಬೆರಳ ಮೇಲೆ ನಿಂತು ತೋರಿಸಿದಾಗ ನನ್ನ ತಾಯಿ ವೀರಮ್ಮನವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಒಳ್ಳೇದಾಯ್ತು ಬುಡು ಮಗ. ಅಟ್ಟದ ಮ್ಯಾಲಿನ ಉಪ್ಪಿನಕಾಯಿ ಜಾಡಿ ಇಳ್ಸಕ್ಕೆ ಇನ್ಮೇಲೆ ಯಾರ್ನೂ ಕಾಯಂಗಿಲ್ಲ."

ಬ್ಯಾಲೆ ಕಲಿತ ಬಾಲೆಗೆ ನಮ್ಮ ಮನೆಯಲ್ಲಿ ಸಿಕ್ಕ ಮೊದಲ ವಿಮರ್ಶೆ ಅದು. ನಿಮ್ಮ ಹಿಂಬರಹಕ್ಕೆ ಹೋಲಿಸಿದರೆ ಎಷ್ಟು ಉದಾರ ನೋಡಿ. ನನ್ನ ತಾಯಿ ಕನಿಷ್ಠಪಕ್ಷ ಅವಳು ಏನೋ ಮಾಡಿದ್ದನ್ನು ಕಂಡರು.

ನರ್ತಕಿಯ ವೃತ್ತಿ ಎಂದರೆ ಏನೆಂದು ನಿಮಗೆ ತಿಳಿದಿರಲಾರದು. ನನಗೂ ತಿಳಿದಿರಲಿಲ್ಲ. ಮೂವತ್ತೊಂದಕ್ಕೆ ಮಂಡಿ ನಿವೃತ್ತಿಯ ಅರ್ಜಿ ಕೊಡುತ್ತದೆ. ಕಂಪನಿಗೆ ಇಪ್ಪತ್ತೆರಡರ ಹುಡುಗಿಯರು ಬರುತ್ತಾರೆ. ಆಗ ಉಳಿಯುವುದು ಎರಡು ದಾರಿ: ಸ್ವಂತ ನೃತ್ಯ ಕಟ್ಟುವುದು, ಇಲ್ಲವೇ ಶಾಲಾ ವಾರ್ಷಿಕೋತ್ಸವದಲ್ಲಿ ಅರವತ್ತು ಮಕ್ಕಳಿಗೆ ಚಿಟ್ಟೆಯ ರೆಕ್ಕೆ ಕಟ್ಟುವುದು. ಮೈಸೂರಿನ ಒಂದು ಶಾಲೆ ಅವಳಿಗಾಗಿ ರೆಕ್ಕೆ ಹಿಡಿದು ಕಾಯುತ್ತಿದೆ. ಅವಳು ಒಂದು ಸಲ ಕಟ್ಟಿ ನೋಡುತ್ತೇನೆ ಎಂದು ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿಗೆ ಬಂದಳು. ಹೊಗೆಸೊಪ್ಪು ಒಣಗಿಸುವ ನಮ್ಮ ಎತ್ತರದ ಕೋಣೆ, ಅಂದರೆ ಬ್ಯಾರನ್, ಬೇಸಿಗೆಯಲ್ಲಿ ಖಾಲಿ. ಅದರೊಳಗೆ ಗೋಡೆಯಿಂದ ಗೋಡೆಗೆ, ನೆಲದಿಂದ ಸೂರಿನವರೆಗೆ ಸಾಲು ಸಾಲು ತೊಲೆಗಳು. ಅದನ್ನೇ ಅಭ್ಯಾಸದ ಜಾಗ ಮಾಡಿಕೊಂಡಳು.

ಅಲ್ಲಿ ಅವಳ ಕಣ್ಣಿಗೆ ಬಿದ್ದವನು ದೇವರಾಜು. ಸುಗ್ಗಿಯಲ್ಲಿ ಬ್ಯಾರನ್ ತುಂಬುವುದು ಅವನ ಕೆಲಸ. ಈ ತೊಲೆಯ ಮೇಲೊಂದು ಕಾಲು, ಆ ತೊಲೆಯ ಮೇಲೊಂದು ಕಾಲು, ನಡುವೆ ಬಾವಿಯಂಥ ಗಾಳಿ. ಹಸಿ ಸೊಪ್ಪನ್ನು ಸಾಲಾಗಿ ಕಟ್ಟಿ ಕೆಳಗಿನಿಂದ ಕೊಟ್ಟ ಉದ್ದನೆಯ ಕಡ್ಡಿಯನ್ನು ಆತ ಬಾಗಿ ತೆಗೆದುಕೊಂಡು ಮೇಲೆ ಜೋಡಿಸುತ್ತಾನೆ. ಭಾವನಾ ಆ ಕಾಲುಗಳನ್ನು ನೋಡಿ, "ಅಪ್ಪ, ಹಿಂಗೆ ಕಾಲು ಅಗಲ ಮಾಡೋಕೆ ನಂಗೆ ಐದು ವರ್ಷ ಬೇಕಾಯ್ತು," ಎಂದಳು. ದೇವರಾಜು ಮೇಲಿನಿಂದಲೇ, "ನಂಗೂ ಐದು ವರ್ಸ ಆಯ್ತು ಕಣವ್ವ, ಬೀಳದ್ನ ನಿಲ್ಸಕ್ಕೆ," ಎಂದ. ಅಂದಿನಿಂದ ಅವನು ತಂಡದ ಕಲಾವಿದ. ಜೊತೆಗೆ ಮೂವರು ಹೆಂಗಸರು: ಇಪ್ಪತ್ತು ಮೂವತ್ತು ವರ್ಷ ನಮ್ಮ ಚಪ್ಪರದಲ್ಲಿ ಸೊಪ್ಪು ಕಟ್ಟಿದ ರಾಚಮ್ಮ, ಚಿಕ್ಕಸಿದ್ದಮ್ಮ, ಸುನಂದಮ್ಮ. ಐದನೆಯವಳು ಭಾವನಾ.

ನೃತ್ಯ ಇಷ್ಟೇ. ಸೊಪ್ಪಿಲ್ಲ, ಕಡ್ಡಿಯಿಲ್ಲ, ದಾರವಿಲ್ಲ. ಕುಳಿತ ಹೆಂಗಸರು ಎರಡೆಲೆ ಮೂರೆಲೆ ಸೇರಿಸಿ ಕಡ್ಡಿಯ ಈಚೆಗೊಂದು ಕಟ್ಟು, ಆಚೆಗೊಂದು ಕಟ್ಟು, ನಡುವೆ ದಾರದ ಸುತ್ತು ಹಾಕುತ್ತ ಹೋಗುತ್ತಾರೆ. ಬರಬರುತ್ತ ಕೈಗಳ ಬೀಸು ದೊಡ್ಡದಾಗುತ್ತದೆ, ಭುಜ ಸೇರಿಕೊಳ್ಳುತ್ತದೆ, ಸೊಂಟ ಸೇರಿಕೊಳ್ಳುತ್ತದೆ, ಎಲ್ಲರೂ ಏಳುತ್ತಾರೆ. ಇಲ್ಲದ ಕಡ್ಡಿಗಳು ಕೈಯಿಂದ ಕೈಗೆ ದಾಟಿ ಮೇಲೆ ತೊಲೆಗಳಿಗೆ ಕಾಲು ಕೊಟ್ಟು ನಿಂತ ದೇವರಾಜುವಿನತ್ತ ಹೋಗುತ್ತವೆ. ಕೊನೆಯ ಕಡ್ಡಿಯನ್ನು ಭಾವನಾ ಬೆರಳ ಮೇಲೆ ನಿಂತು ಎತ್ತಿ ಹಿಡಿಯುತ್ತಾಳೆ. ಅವನ ಕೈಗೂ ಅವಳ ಕೈಗೂ ಮಧ್ಯೆ ಒಂದು ಗೇಣು ಉಳಿಯುತ್ತದೆ. ಅಲ್ಲಿಗೆ ಮುಗಿಯಿತು. ನಾನು ಹದಿನೇಳು ಸಲ ನೋಡಿದ್ದೇನೆ, ಅದರಲ್ಲಿ ಒಮ್ಮೆ ಊರಿನವರೆಲ್ಲರ ಜೊತೆ. ಪ್ರತಿಸಲವೂ ಆ ಒಂದು ಗೇಣನ್ನು ದಾಟಿಸಲು ನನ್ನ ಕುತ್ತಿಗೆ ತಾನಾಗಿ ಉದ್ದವಾಗುತ್ತದೆ.

ಈಗ ನಿಮ್ಮ ಪರಿಶೀಲಕರ ವಿಷಯ. ಏಪ್ರಿಲ್ ಮೂರನೇ ವಾರ, ಬೆಳಗ್ಗೆ ಹನ್ನೊಂದಕ್ಕೆ ಬೈಕಿನಲ್ಲಿ ಬಂದರು. ಹೆಗಲಲ್ಲಿ ಬ್ಯಾಗು, ಬ್ಯಾಗಿನಲ್ಲಿ ನಮೂನೆ. ಹುಣಸೂರಿನ ಕಡೆಯವರು, ಹೊಗೆಸೊಪ್ಪು ಬೆಳೆಯುವ ಮನೆಯವರು ಎಂದು ಮಾತಿನಲ್ಲಿ ತಿಳಿಯಿತು. ಬ್ಯಾರನ್ ಒಳಗೇ ಒಂದು ಬದಿಗೆ ಕುರ್ಚಿ ಹಾಕಿಕೊಟ್ಟೆ. ನೃತ್ಯ ಶುರುವಾಯಿತು. ಹತ್ತು ನಿಮಿಷ ನೋಡಿ ನನ್ನ ಕಡೆ ವಾಲಿ, "ಸಾರ್, ಡ್ಯಾನ್ಸು ಯಾವಾಗ ಶುರು?" ಎಂದರು. ಪ್ರದರ್ಶನದ ನಡುವೆ ಮಾತಾಡಬಾರದೆಂದು ಮಗಳ ಕಟ್ಟಪ್ಪಣೆ. ನಾನು ತುಟಿಯ ಮೇಲೆ ಬೆರಳಿಟ್ಟೆ. ಕೆಲಸದವರಿಗೆ ತೊಂದರೆ ಕೊಡಬಾರದು ಎಂದು ಅರ್ಥಮಾಡಿಕೊಂಡು ಅವರು ಸುಮ್ಮನಾದರು. ಆ ಬೆರಳಿನ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ.

ಆದರೆ ಮುಂದಿನದಕ್ಕೆ ನಾನು ಹೊಣೆಯಲ್ಲ. ಅವರ ಕಣ್ಣು ರಾಚಮ್ಮನ ಕೈಯ ಮೇಲೆ ನಿಂತಿತು. ಹುಬ್ಬು ಗಂಟಾಯಿತು. ಕುರ್ಚಿಯಲ್ಲಿ ಒಮ್ಮೆ ಈಚೆ, ಒಮ್ಮೆ ಆಚೆ ವಾಲಿದರು. ಕೊನೆಗೆ ತಡೆಯಲಾರದೆ ಎದ್ದೇಬಿಟ್ಟರು.

"ಅಂಗಲ್ಲ ಕಣವ್ವ. ನಮ್ ಅಳ್ಳೀಲಿ ಇಂಗೆ ಕಟ್ಟಲ್ಲ. ಸುತ್ತು ಒಳಗಿಂದ ಬರ್ಬೇಕು."

ಹೀಗೆಂದು ಪ್ಯಾಂಟು ಮೊಣಕಾಲಿಗೆ ಎಳೆದುಕೊಂಡು ರಾಚಮ್ಮ, ಚಿಕ್ಕಸಿದ್ದಮ್ಮನವರ ನಡುವೆ ಕುಳಿತು ಕಟ್ಟತೊಡಗಿದರು. ಇಲ್ಲದ ಸೊಪ್ಪನ್ನು. ಇಲ್ಲದ ಕಡ್ಡಿಗೆ.

ರಾಚಮ್ಮ ತಾಳ ತಪ್ಪದೆ, "ನಿಮ್ಮೂರ್ ಗಂಟು ಬ್ಯಾರನ್ನಾಗೆ ಉದುರೋಯ್ತದೆ ಬುಡಿ ಸಾಮಿ," ಎಂದರು.

"ನಮ್ಮವ್ವ ಮೂವತ್ತು ವರ್ಸ ಕಟ್ಟವ್ಳೆ, ಒಂದು ಎಲೆ ಉದುರಿಲ್ಲ ತಗಳಿ."

"ಕಟ್ಲಿ ಬುಡಕ್ಕ," ಎಂದರು ಚಿಕ್ಕಸಿದ್ದಮ್ಮ. "ಎಂಗೂ ಆಳು ಒಬ್ರು ಕಮ್ಮಿ ಇದ್ರು."

ಎಲ್ಲರೂ ಎದ್ದಾಗ ಅವರೂ ಎದ್ದರು. ಕಡ್ಡಿಗಳು ದಾಟುವಾಗ ಅವರೂ ದಾಟಿಸಿದರು. ಮೇಲಿನಿಂದ ದೇವರಾಜು, "ಸಾರ್, ಕಡ್ಡಿ ಬೋ ಭಾರ ಮಾಡ್ಬುಟ್ರಿ," ಎಂದು ಛೇಡಿಸಿದ. ನಿಮ್ಮ ಪರಿಶೀಲಕರು ತಲೆಯೆತ್ತಿ, "ಸಾರಿ ಕಣಪ್ಪ, ಮುಂದಿನ್ದು ಅಗುರ ಮಾಡ್ತೀನಿ," ಎಂದರು. ಸರ್ಕಾರಿ ನೌಕರರೊಬ್ಬರು ಕೆಲಸದ ವೇಳೆಯಲ್ಲಿ ಇಲ್ಲದ ಭಾರಕ್ಕೆ ಕ್ಷಮೆ ಕೇಳಿದ್ದನ್ನು ನಾನು ಇತಿಹಾಸದಲ್ಲಿ ಎಲ್ಲಿಯೂ ಓದಿಲ್ಲ. ಮುಗಿದ ಮೇಲೆ ನಲ್ಲಿಯ ಬಳಿ ಹೋಗಿ, "ಸೋಪು ಇದ್ರೆ ಕೊಡಿ ಸಾರ್, ಈ ಸೊಪ್ಪಿನ ಅಂಟು ಸುಮ್ನೆ ಓಗಲ್ಲ," ಎಂದರು. ನಾನು ಸೋಪು ಕೊಟ್ಟೆ. ಉಜ್ಜಿದರು. ಉಜ್ಜುತ್ತಿದ್ದವರು ನಿಲ್ಲಿಸಿ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. ಕಾಫಿಯನ್ನೂ ಕುಡಿಯದೆ ಬೈಕು ಹತ್ತಿದರು.

ಅವರನ್ನು ನಾನು ದೂರುವುದಿಲ್ಲ. ನಿಮ್ಮ ನಮೂನೆಯನ್ನು ಮುಂದಿಟ್ಟುಕೊಂಡು ಮತ್ತೇನು ಬರೆಯಬೇಕಿತ್ತು? ಹಾಡು ಇದೆಯೇ, ತಾಳ ವಾದ್ಯ ಇದೆಯೇ, ವೇಷಭೂಷಣ ಇದೆಯೇ, ಗೆಜ್ಜೆ ಇದೆಯೇ, ಇದ್ದಲ್ಲಿ ಎಷ್ಟು ಜೊತೆ. ನಾಲ್ಕಕ್ಕೂ ಇಲ್ಲ. ಕೈಗೆ ಅಂಟಿದ್ದೇನು ಎಂಬ ಕಾಲಂ ನಿಮ್ಮಲ್ಲಿಲ್ಲ. ಆದ್ದರಿಂದ ಕಣ್ಣಾರೆ ಕಂಡದ್ದನ್ನು ಬರೆದರು: ಐವರು, ಹೊಗೆಸೊಪ್ಪು, ಅಂದಾಜು ನಲವತ್ತು ಕಡ್ಡಿ. ನೀವು ಅದಕ್ಕೆ ಸಹಿ ಹಾಕಿದಿರಿ. ಸಾಲದೆಂದು ಬೆಳೆಯ ಲೆಕ್ಕ ನೋಡುವ ಇನ್ನೊಂದು ಕಚೇರಿಗೆ ಪ್ರತಿ ಕಳಿಸಿದಿರಿ. ಅಲ್ಲಿಂದ ನನಗೆ ನೋಟಿಸು: ಗದ್ದೆ ಹೊಲಗಳಲ್ಲಿ ಒಂದು ಎಲೆಯೂ ಇಲ್ಲದ ಏಪ್ರಿಲ್‌ನಲ್ಲಿ ನಲವತ್ತು ಕಡ್ಡಿ ಸೊಪ್ಪು ಎಲ್ಲಿಂದ ಬಂತು, ಎಲ್ಲಿ ಬಚ್ಚಿಟ್ಟಿದ್ದೀರಿ, ಏಳು ದಿನದೊಳಗೆ ವಿವರಣೆ ಕೊಡಿ. ಇಲ್ಲದ್ದನ್ನು ಬಚ್ಚಿಡುವುದು ಹೇಗೆಂದು ನಾನು ಅವರನ್ನೇ ಕೇಳಿ ಬರೆದಿದ್ದೇನೆ.

ಮಾನ್ಯರೇ, ಒಂದು ನಿಮಿಷ ಪೆನ್ನು ಕೆಳಗಿಟ್ಟು ಯೋಚಿಸಿ. ಬರಿಗೈ ಆಡಿಸಿದ್ದಕ್ಕೆ ಎರಡು ಇಲಾಖೆಗಳಿಗೆ ಸೊಪ್ಪು ಕಂಡಿತು. ಒಂದು ಇಲಾಖೆ ಎಣಿಸಿತು, ಇನ್ನೊಂದು ಹುಡುಕಿತು. ಲೋಕದ ಯಾವ ದೊಡ್ಡ ನರ್ತಕಿಗೆ ಇಂಥ ಪ್ರಶಸ್ತಿ ಸಿಕ್ಕಿದೆ? ನೀವು ಕೊಟ್ಟ ತಿರಸ್ಕಾರದ ಕಾಗದವೇ ನಾನು ಕಂಡ ಅತ್ಯುತ್ತಮ ನೃತ್ಯವಿಮರ್ಶೆ. ಅದನ್ನು ಚೌಕಟ್ಟು ಹಾಕಿಸಬಹುದು. ಆದರೆ ಉತ್ಸವದವರು ಚೌಕಟ್ಟು ಒಪ್ಪುವುದಿಲ್ಲ, ದೃಢೀಕರಣವನ್ನೇ ಕೇಳುತ್ತಾರೆ.

ಇದನ್ನೇ ಹೇಳಲು ಸೋಮವಾರ ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಕಡತದಿಂದ ತಲೆಯೆತ್ತದೆ, "ಗೆಜ್ಜೆನೇ ಇಲ್ದೆ ಅದೆಂಥ ಡ್ಯಾನ್ಸ್ ರೀ ಮೇಷ್ಟ್ರೇ?" ಎಂದಿರಿ. ಗೆಜ್ಜೆಯಿದ್ದರೆ ನೃತ್ಯ ಎನ್ನುವುದಾದರೆ ಮೊದಲ ದೃಢೀಕರಣ ನಮ್ಮೂರ ಎತ್ತುಗಳಿಗೆ ಸಲ್ಲಬೇಕು. "ಸೊಪ್ ಕಟ್ಟೋದು ಕೂಲಿ ಕಣ್ರೀ, ಕಲೆ ಅಲ್ಲ," ಎಂದೂ ಹೇಳಿದಿರಿ. ಆಗ ನಾನು ನಕ್ಕೆ, ಆದರೆ ಮನೆಗೆ ಬಂದು ಹೇಳಿದಾಗ ರಾಚಮ್ಮ ನಗಲಿಲ್ಲ. "ಮೂವತ್ತು ವರ್ಸ ಕೂಲಿ ಅಂತ್ಲೇ ಮಾಡಿವ್ನಿ ಸಾಮಿ. ಇದೊಂದ್ಸಲ ನಾ ಮಾಡದ್ನ ನಿಂತ್ಕಂಡು ನೋಡಿ ಚಪ್ಪಾಳೆ ಹೊಡುದ್ರು ಜನ. ಆ ಚಪ್ಪಾಳೆ ಕೇಳುದ್ ಮ್ಯಾಲೆ ಕೈ ಸುಮ್ಕಿರ್ತದಾ?" ಎಂದರು. ಭಾವನಾ ಒಳಗೆ ಹೋಗಿ ಮೈಸೂರಿನ ಶಾಲೆಗೆ ಇಪ್ಪತ್ತೊಂದಕ್ಕೆ ಉತ್ತರ ಕೊಡುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದು ಕೇಳಿಸಿತು. ಒಂದೇ ದಿನದ ಅಂತರ ಇಟ್ಟಿದ್ದಾಳೆ. ಅಷ್ಟು ನಂಬಿಕೆ ಅವಳಿಗೆ ನಿಮ್ಮ ಮೇಲೆ.

ಈಗ ನಿಮಗೆ ಗೊತ್ತಿಲ್ಲದ ಒಂದು ಸಂಗತಿ. ಮೊನ್ನೆ ಭಾನುವಾರ ನಿಮ್ಮ ಪರಿಶೀಲಕರು ಮತ್ತೆ ಬಂದಿದ್ದರು. ಬ್ಯಾಗು ಇರಲಿಲ್ಲ, ನಮೂನೆ ಇರಲಿಲ್ಲ. ಬಂದವರೇ ಹಳೆಯ ಜಾಗದಲ್ಲಿ ಕುಳಿತು, "ಅಮ್ಮಾವ್ರೇ, ಆವತ್ತು ಎದ್ದೇಳೋ ಕಡೆ ನನ್ ಕೈ ತಡ ಆಯ್ತು. ಇನ್ನೊಂದ್ಸಲ ತೋರ್ಸಿ," ಎಂದರು. ಭಾವನಾ ತೋರಿಸಿದಳು. ಸಂಜೆಯವರೆಗೆ ಇದ್ದರು. ಇದನ್ನು ಪತ್ರದಲ್ಲಿ ಬರೆಯಬಹುದೇ ಎಂದು ಕೇಳಿದೆ. "ಬರೀರಿ ಸಾರ್, ಬಾಯಲ್ಲಿ ಏಳಕ್ಕೆ ನಂಗೆ ನಾಚ್ಕೆ ಆಯ್ತದೆ," ಎಂದರು.

ಆದ್ದರಿಂದ ನನ್ನ ಬೇಡಿಕೆ ಎರಡು. ಒಂದು, ತಂಡದ ಪಟ್ಟಿ ತಿದ್ದಿ ಇದರೊಂದಿಗೆ ಲಗತ್ತಿಸಿದ್ದೇನೆ. ಈಗ ಆರು ಜನ. ಆರನೆಯವರ ಹೆಸರು ನಿಮ್ಮ ಹಾಜರಿ ಪುಸ್ತಕದಲ್ಲೇ ಇದೆ, ಬೇಕಾದರೆ ತಾಳೆ ನೋಡಿ. ಇಪ್ಪತ್ತರೊಳಗೆ ದೃಢೀಕರಿಸಿ. ಎರಡು, ಉತ್ಸವದ ದಿನಗಳಿಗೆಂದು ಅವರು ಕೊಟ್ಟ ನಾಲ್ಕು ದಿನದ ರಜೆ ಅರ್ಜಿ ನಿಮ್ಮ ಮೇಜಿನ ಮೇಲಿದೆ. ಕಾರಣದ ಜಾಗದಲ್ಲಿ 'ಸ್ವಂತ ಕೆಲಸ' ಎಂದು ಬರೆದಿದ್ದಾರೆ. ಅದಕ್ಕೂ ಸಹಿ ಹಾಕಿ. ಅವರು ಸುಳ್ಳು ಬರೆದಿಲ್ಲ.

ಇಂತಿ,
ಆರು ಜನರ ತಂಡದಲ್ಲಿ ಜಾಗ ಸಿಗದೆ ಕುರ್ಚಿ ಹಾಕುವ ಕೆಲಸಕ್ಕೇ ಉಳಿದ,
ವಿರೂಪಾಕ್ಷ
(ನರ್ತಕಿಯ ತಂದೆ, ನಲವತ್ತು ಕಡ್ಡಿ ಇಲ್ಲದ ಸೊಪ್ಪಿನ ಮಾಲೀಕ)