ಕರಿಷ್ಯೇ ಅಂದಮೇಲೆ

೧೪ ಮಾರ್ಚ್ ೨೦೦೮, ಶುಕ್ರವಾರ

ಮೂರು ದಿನದಿಂದ, ಪ್ರೋಗ್ರಾಂ ಬರೆಯುವ ಈ ಎಕ್ಲಿಪ್ಸ್ ಸಾಫ್ಟ್‌ವೇರ್ ನನ್ನ ಪ್ರಾಣ ಹಿಂಡುತ್ತಿದೆ. ಸೋಮವಾರ ಕಾಲೇಜಿನಲ್ಲಿ ಪ್ರಾಜೆಕ್ಟ್ ತೋರಿಸಬೇಕು, ಇದು ನೋಡಿದರೆ ತೆರೆಯುವುದೇ ಇಲ್ಲ. ಇದು ಓಡಲು ಬೇಕಾದ ಹೊಸ ಜಾವಾ ಹಾಕಿದ್ದೇನೆ. ಅದು ಎಲ್ಲಿದೆ ಎಂದು ಸೆಟ್ಟಿಂಗ್ ಫೈಲಿನ ಕೊನೆಯಲ್ಲಿ ಬರೆದೂ ಇದ್ದೇನೆ. ಆದರೂ ಹಳೇ ಜಾವಾವನ್ನೇ ಹಿಡಿದುಕೊಂಡು, ಇದು ಸಾಲದು ಎಂದು ಮುಚ್ಚಿಕೊಳ್ಳುತ್ತದೆ. ಮಧ್ಯಾಹ್ನ ಎರಡು ಸಲ ಕರೆಂಟ್ ಬೇರೆ ಹೋಯಿತು.

ಇಲ್ಲೇ ಕಾಶಿಯ ಕೇದಾರ ಘಾಟ್‌ನಲ್ಲಿ ಯಾತ್ರಿಕರ ಶ್ರಾದ್ಧ ಮಾಡಿಸಿ ಬಂದ ಅಪ್ಪ, ನನ್ನ ಗೊಣಗಾಟವೆಲ್ಲ ಕೇಳಿ ಬೆನ್ನ ಹಿಂದೆ ನಿಂತರು.

“ಕೊನೆಯಲ್ಲಿ ಯಾಕೆ ಬರೆದೆ?”

“ಎಲ್ಲಿ ಬರೆದರೇನಪ್ಪಾ?”

“ಸಂಕಲ್ಪದಲ್ಲಿ ಕೊನೆಗೆ ‘ಕರಿಷ್ಯೇ’, ಮಾಡುತ್ತೇನೆ, ಅಂದಮೇಲೆ ಊರಿನ ಹೆಸರು ಸೇರಿಸಿದರೆ ಆಗುತ್ತೇನೇ?”

ಇದು ಕಂಪ್ಯೂಟರು, ಪಿಂಡಪ್ರದಾನ ಅಲ್ಲ ಎಂದು ರೇಗಿಬಿಟ್ಟೆ. ಅವರು ಒಳಗೆ ಹೋದಮೇಲೆ ಜಾವಾ ಎಲ್ಲಿದೆ ಎಂದು ಬರೆದ ಆ ಸಾಲನ್ನೇ ಫೈಲಿನ ಕೆಳಗಿಂದ ಕಿತ್ತು ಮೇಲೆ ಹಾಕಿದೆ. ಎಕ್ಲಿಪ್ಸ್ ತೆರೆದುಕೊಂಡಿತು.

ಮೂರು ದಿನ ಹಾಳಾಗಿದ್ದಕ್ಕಲ್ಲ ನನಗೆ ಉರಿಯುವುದು. ಈ ಮನುಷ್ಯನಿಗೆ ಮೌಸ್ ಹಿಡಿಯಲೂ ಬರುವುದಿಲ್ಲ!

ಊಟಕ್ಕೆ ಕೂತಾಗ ಮೆಲ್ಲಗೆ, “ಆಯ್ತೇನೇ?” ಅಂದರು.

“ಹ್ಞೂಂ. ಕರೆಂಟಿನದೇ ತೊಂದರೆ ಇತ್ತು” ಅಂದೆ.

ಅಪ್ಪ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು.