ಬಸರೀಕಟ್ಟೆ ರಸ್ತೆಯ ಏರಿನಲ್ಲಿ

ದೇವಪ್ಪ ಮೇಷ್ಟ್ರೇ,

ನೀವು ತೀರಿಕೊಂಡ ಮೇಲೆ ನಡೆದ ಮೊದಲ ಓಟದಲ್ಲಿ ಇವತ್ತು ನಾನು ಗೆದ್ದೆ. ಏರಿನಲ್ಲಿ ಉಸಿರು ಉಳಿಸಿಕೊಂಡು ಇಳಿಜಾರಿನಲ್ಲಿ ವೇಗ ಹೆಚ್ಚಿಸಬೇಕೆಂದು ಕಲಿಸಿದವರು ನೀವೇ. ಆದರೆ ಬಸರೀಕಟ್ಟೆ ರಸ್ತೆಯ ಏರಿನಲ್ಲೇ ನಿಮ್ಮ ಮಗ ಧರ್ಮೇಶ್ ನನ್ನನ್ನು ದಾಟಿ ಹೊರಟ. ಅವನನ್ನು ತಡೆಯಲು, ಕಾಲು ಉಳುಕಿದವನಂತೆ ಕುಂಟತೊಡಗಿದೆ. ಅವನು ತಿರುಗಿ ನೋಡಿ ನಿಧಾನಿಸಿದ.

“ನಿಲ್ಬೇಡ ಮಾರಾಯ, ನನ್ನ ಜೊತೆಗೇ ಬಾ. ಏರಲ್ಲಿ ಯಾರನ್ನೂ ಬಿಟ್ಟು ಹೋಗ್ಬಾರ್ದು ಅಂತ ಅಪ್ಪ ಹೇಳ್ತಿದ್ರಲ್ಲ.”

ಏರು ಮುಗಿದದ್ದೇ ತಡ, ನಾನು ಅವನನ್ನು ಬಿಟ್ಟು ಓಡಿದೆ.

ಓಟ ಮುಗಿದ ಮೇಲೆ ಧರ್ಮೇಶ್ ನಿಮ್ಮ ನೋವಿನ ಎಣ್ಣೆಯ ಬಾಟಲಿ ಹಿಡಿದು ಬಂದು, ನನ್ನೆದುರು ಕುಕ್ಕರುಗಾಲಲ್ಲಿ ಕೂತ. “ನೋವಲ್ಲೇ ಓಡಿದ್ಯಲ್ಲ ಮಾರಾಯ, ತೋರ್ಸು ಕಾಲು” ಎಂದ. ತೋರಿಸಿದೆ. ತಿಕ್ಕಿದ.

ಪದಕ ತೆಗೆದುಕೊಳ್ಳಲು ವೇದಿಕೆಗೆ ಕುಂಟುತ್ತಲೇ ಹೋದೆ, ಮೇಷ್ಟ್ರೇ.